ಮಾರ್ಕೆಟಿಂಗ್, ಪಿಆರ್ ಕೆಲಸಕ್ಕೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಹೊಂದ್ತದಾ?

ಶಿರಸಿಪೇಟೆ:
ನಮಸ್ಕಾರ ಎಲ್ರಿಗೂ. ಶಿರಸಿ ಹತ್ರ ಮುರುಗಲು ಸಿರಪ್, ಅಪ್ಪೆಮಿಡಿ ಉಪ್ಪಿನಕಾಯಿ, ಜೇನುತುಪ್ಪ ಮಾಡೋ ಸಣ್ಣ ಘಟಕ ನಮ್ದು, ಮಾರ್ಕೆಟಿಂಗು, ಪತ್ರಿಕೆಯವ್ರ ಹತ್ರ ಮಾತಾಡೋದು (ಪಿಆರ್ ಅಂತಾರಲ್ಲ, ಅದು), ಇನ್‌ಸ್ಟಾಗ್ರಾಮು ಎಲ್ಲ ನನ್ನ ತಲೆ ಮೇಲೇ. ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರೋದಲ್ವಾ, ಮುಂದಿನ ಜಾತ್ರೆಲಿ ಸ್ಟಾಲ್ ಹಾಕಿ ಹೊಸ ಬಾಟ್ಲಿ ಬಿಡ್ಬೇಕು ಅಂತ ಯಜಮಾನ್ರ ಆಸೆ. ಆನ್‌ಲೈನಲ್ಲಿ ಒಂದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕೋರ್ಸ್ ಮಾಡ್ಕಂಡಿದ್ದೆ, ಅದ್ರಲ್ಲಿ ಹೇಳ್ದಂಗೆ ಗ್ಯಾಂಟ್ ಚಾರ್ಟ್ (ಯಾವ ಕೆಲ್ಸ ಯಾವತ್ತು ಶುರು, ಯಾವತ್ತು ಮುಗೀಬೇಕು ಅಂತ ಪಟ್ಟಿ ಎಳೆದು ತೋರ್ಸೋ ಚಾರ್ಟು) ಮಾಡಿ ಗೋಡೆಗೆ ಅಂಟಿಸ್ದೆ. ಸ್ವಲ್ಪ ದಿನಕ್ಕೇ ಹೋದ್ ವರ್ಷದ ಕ್ಯಾಲೆಂಡರ್ ಥರ ಆಗೋಯ್ತು. ದಿನಾ ಒಂದು ಬದಲಾವಣೆ, ಮೇಲಿಂದ ಯಜಮಾನ್ರು "ಪೇಪರಲ್ಲಿ ಯಾವತ್ತು ಬರ್ತದೆ, ಆ ತಾರೀಖು ಹಾಕು" ಅಂತಾರೆ. ಅದನ್ನ ನಾ ಹೆಂಗೆ ಹಾಕ್ಲಿ? ಇದೆಲ್ಲ ಸೇತುವೆ ಕಟ್ಟೋರಿಗೆ ಮಾತ್ರನಾ?

ಕಾಳಿತೀರ (ಕಾರವಾರ):
ಬೆಂಗಳೂರಲ್ಲಿ ಏಜೆನ್ಸಿಲಿ ಇದ್ದು ಈಗ ಊರಿಗೆ ಬಂದವ ನಾನು. ಹೊಂದ್ತದೆ ಮಾರಾಯ್ರೆ, ಆದ್ರೆ ಎಲ್ಲ ಕೆಲ್ಸಾನೂ ಒಂದೇ ಚಾರ್ಟಿಗೆ ತುಂಬ್ಬೇಡಿ. ಬಾಟ್ಲಿ ಬಿಡುಗಡೆಗೆ ಕೊನೇ ದಿನ ಅಂತ ಒಂದು ಉಂಟು, ಅದು ಪ್ರಾಜೆಕ್ಟು. ದಿನಾ ಪೋಸ್ಟ್ ಹಾಕೋದಕ್ಕೆ ಕೊನೇನೇ ಇಲ್ಲ, ಅದಕ್ಕೆ ಕಾನ್‌ಬಾನ್ ಬೋರ್ಡ್ ಸಾಕು: ಮಾಡ್ಬೇಕು, ಮಾಡ್ತಾ ಇದೆ, ಮುಗೀತು, ಅಷ್ಟೇ.

ಬಿಡುಗಡೆದನ್ನ ಜಾತ್ರೆ ದಿನದಿಂದ ಹಿಂದಕ್ಕೆ ಲೆಕ್ಕ ಹಾಕ್ತಾ ಬನ್ನಿ. ಸ್ಟಾಲ್‌ಗೆ ಬ್ರೋಷರ್ ಬೇಕು, ಬ್ರೋಷರಿಗೆ ಫೋಟೋ ಬೇಕು, ಲೇಬಲ್ ಅಂಟಿಸಿದ ಬಾಟ್ಲಿ ಇಲ್ದೆ ಫೋಟೋ ಇಲ್ಲ, ಲೇಬಲ್ ಮೇಲೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರು, ತೂಕ, ಒಳಗೆ ಎಂತೆಂತ ಹಾಕಿದೀರಿ ಅನ್ನೋದು ಎಲ್ಲ ಪಕ್ಕಾ ಆಗ್ದೆ ಪ್ರಿಂಟಿಗೆ ಕೊಡಂಗಿಲ್ಲ. ಕ್ರಿಟಿಕಲ್ ಪಾತ್ ಅಂತಾರಲ್ಲ, ನಿಮ್ಗೆ ಅದು ಲೇಬಲ್ಲು. ಅದು ಒಂದು ವಾರ ತಡ ಆದ್ರೆ ಎಲ್ಲಾ ಒಂದು ವಾರ ತಡ. ರೀಲ್ಸ್ ತಡ ಆದ್ರೆ ಯಾರಿಗೂ ಎಂತದೂ ಆಗೂದಿಲ್ಲ.

ಇನ್ನೊಂದು, ಒಪ್ಗೆನೂ ಒಂದು ಕೆಲ್ಸ ಅಂತ ಚಾರ್ಟಲ್ಲಿ ಬರೀರಿ, ದಿನ ಹಾಕಿ, ಒಬ್ರದ್ದೇ ಹೆಸ್ರು ಹಾಕಿ. ನಮ್ ಏಜೆನ್ಸಿಲಿ ಡಿಸೈನಿಗೆ ಹಿಡಿದ ಟೈಮಿಗಿಂತ "ನೋಡಿ ಹೇಳ್ತೇವೆ" ಅನ್ನೋದಕ್ಕೇ ಜಾಸ್ತಿ ಹೋಗ್ತಿತ್ತು.

ಮೊಳೆಜೋಡಿಸುವವ (ಕುಮಟಾ):
ಪ್ರಿಂಟಿಂಗ್ ಪ್ರೆಸ್ ಕಡೆಯಿಂದ ಒಂದ್ಮಾತು. ಜಾತ್ರೆ ಹತ್ರ ಬಂದಾಗ ಫ್ಲೆಕ್ಸು, ಕರಪತ್ರ, ಬ್ಯಾನರ್ ಅಂತ ಎಲ್ರೂ ಒಟ್ಟಿಗೇ ಬರೋದು, ಆಗ ನಿಮ್ಮ ಲೇಬಲ್ ಹಿಡ್ಕಂಡು ಬಂದ್ರೆ ಸಾಲಲ್ಲಿ ನಿಲ್ಬೇಕಾಗ್ತದೆ. ಮೊಬೈಲಲ್ಲಿ ನೋಡಿ ಬಣ್ಣ ಒಪ್ಬೇಡಿ, ಕಾಗದದ ಮೇಲೆ ಪ್ರೂಫ್ (ಪೂರ್ತಿ ಪ್ರಿಂಟಿಗಿಂತ ಮುಂಚೆ ತೆಗ್ಯೋ ಮಾದರಿ ಪ್ರತಿ) ತೆಗ್ಸಿ ಯಜಮಾನ್ರ ಸಹಿ ಹಾಕ್ಸಿ. ಮುರುಗಲು ಕೆಂಪು ಸ್ಕ್ರೀನಲ್ಲಿ ಒಂದು, ಕಾಗದದಲ್ಲಿ ಇನ್ನೊಂದು. ಸಹಿ ಆದ್ಮೇಲೆ ಬದಲಾವಣೆ ಅಂದ್ರೆ ದುಡ್ಡೆಷ್ಟು, ದಿನ ಎಷ್ಟು ಅಂತ ವಾಟ್ಸಾಪಲ್ಲಿ ಬರ್ದು ಕಳ್ಸಿ, ಅರ್ಧ ಬದಲಾವಣೆ ಅಲ್ಲೇ ನಿಂತೋಗ್ತದೆ 😄

ಶರಾವತಿ ದಂಡೆ (ಹೊನ್ನಾವರ):
ಪೇಪರ್ ತಾರೀಖಿನ ವಿಷ್ಯ ಯಾರೂ ಹೇಳ್ಲಿಲ್ಲ. ನಾನು ಕೆಲವು ವರ್ಷ ಸ್ಥಳೀಯ ವರದಿಗಾರನಾಗಿದ್ದೆ. "ಪೇಪರಲ್ಲಿ ಬರ್ಬೇಕು" ಅನ್ನೋದು ನಿಮ್ ಕೈಲಿಲ್ಲ, ಅದನ್ನ ಪ್ಲಾನಲ್ಲಿ ಹಾಕ್ಲೇಬೇಡಿ. ಪತ್ರಿಕೆಗೆ ಪ್ರಕಟಣೆ ಟಿಪ್ಪಣಿ ಕಳ್ಸೋ ದಿನ ನಿಮ್ ಕೈಲಿದೆ, ಅದನ್ನ ಹಾಕಿ. ಮಧ್ಯಾಹ್ನದೊಳ್ಗೆ ಕಳ್ಸಿ, ಫೋಟೋ ಪಿಡಿಎಫ್ ಒಳ್ಗೆ ಸೇರಿಸ್ದೆ ಬೇರೆ ಕಳ್ಸಿ, ಫೋಟೋದಲ್ಲಿ ಇರೋರ ಹೆಸ್ರು ಬರೀರಿ. ಜಾತ್ರೆ ವಾರ ಬೇಡ, ಆಗ ಶಿರಸಿ ಪುಟ ಪೂರ್ತಿ ಜಾತ್ರೆದೇ.

ಮತ್ತೆ ಹೊಸ ಬಾಟ್ಲಿ ಸುದ್ದಿ ಅಲ್ಲ, ಜಾಹೀರಾತು. ಮುರುಗಲು ಹಣ್ಣಾಗೋದು ಬೇಸಿಗೆ ಕೊನೆಗೆ, ಮಳೆ ಬೇಗ ಬಿದ್ರೆ ಸಿಪ್ಪೆ ಒಣಗ್ಸೋದು ಕಷ್ಟ, ನೀವು ಎಂತ ಮಾಡ್ತೀರಿ? ಇಂಥದ್ದು ಬರೀರಿ, ಓದ್ತಾರೆ. ಬಂದ ಸುದ್ದಿನ ಸ್ಕೇಲ್ ಇಟ್ಟು ಅಳೆದು "ಇಷ್ಟು ರೂಪಾಯಿ ಜಾಹೀರಾತಿಗೆ ಸಮ" ಅಂತ ರಿಪೋರ್ಟ್ ಮಾಡೋರಿದ್ದಾರೆ, ಪಿಆರ್‌ನವ್ರೇ 2010ರ ಬಾರ್ಸಿಲೋನಾ ತತ್ವಗಳಲ್ಲಿ (ಪಿಆರ್ ಕೆಲ್ಸನ ಹೆಂಗೆ ಅಳೀಬೇಕು ಅಂತ ಒಪ್ಕಂಡ ಸೂತ್ರಗಳು) ಆ ಲೆಕ್ಕಕ್ಕೆ ಬೆಲೆ ಇಲ್ಲ ಅಂದಾಗಿದೆ. ಸ್ಟಾಲಿಗೆ ಬಂದೋರನ್ನ ಎಲ್ಲಿ ನೋಡಿ ಬಂದ್ರಿ ಅಂತ ಕೇಳಿ ಬರ್ಕಳ್ಳಿ, ಅದೇ ವಾಸಿ.

ಅಂಕೋಲೆ ಇಶಾಡು:
ರಿಸ್ಕ್ ಪಟ್ಟಿ ಮರೀಬೇಡಿ. 2024ರ ಜುಲೈ 16ಕ್ಕೆ ನಮ್ಮ ಅಂಕೋಲೆ ತಾಲೂಕಿನ ಶಿರೂರಲ್ಲಿ ಗುಡ್ಡ ಕುಸೀತು, ಆಗಸ್ಟ್ 7ಕ್ಕೆ ಕಾಳಿ ನದಿ ಹಳೇ ಸೇತುವೆ ಬಿತ್ತು. ಹೆದ್ದಾರಿಲಿ ಜನ ಸತ್ತಿದ್ದಾರೆ, ಆಗ "ಮಳೆಗಾಲದ ಮಜಾ, ಬನ್ನಿ ಕರಾವಳಿಗೆ" ಅಂತ ಶೆಡ್ಯೂಲ್ ಮಾಡಿಟ್ಟ ಪೋಸ್ಟ್ ತಂತಾನೇ ಹೋದ್ರೆ ಹೆಂಗಿರ್ತದೆ ಯೋಚ್ನೆ ಮಾಡಿ. ನಾವು ಹೋಂಸ್ಟೇಗೆ ಒಂದು ನಿಯಮ ಇಟ್ಕಂಡಿದ್ದೇವೆ, ನಿಲ್ಸೋದಕ್ಕೆ ಯಾರ ಒಪ್ಗೆನೂ ಬೇಡ, ಪಾಸ್‌ವರ್ಡ್ ಇಬ್ರ ಹತ್ರ ಇರ್ಬೇಕು. ಶುರು ಮಾಡೋದಕ್ಕೆ ಮಾತ್ರ ಒಪ್ಗೆ.

ಶಿರಸಿಪೇಟೆ:
ತುಂಬಾ ಉಪಕಾರ ಆಯ್ತು. ಲೇಬಲ್ ಪ್ರೂಫ್ ಈ ವಾರನೇ ತೆಗೆಸ್ತೇನೆ. @ಕಾಳಿತೀರ, ಬೋರ್ಡಿಗೆ ಟ್ರೆಲ್ಲೊ (ಕಾನ್‌ಬಾನ್ ಥರ ಬೋರ್ಡ್ ಮಾಡೋ ಆ್ಯಪ್) ಸಾಕಾ? ಯಜಮಾನ್ರು ಆ್ಯಪ್ ತೆಗೆಯೋರಲ್ಲ.

ಕಾಳಿತೀರ (ಕಾರವಾರ):
ಹಂಗಾದ್ರೆ ಟ್ರೆಲ್ಲೊ ಬೇಡ. ಅವ್ರು ಚಾ ಕುಡಿಯೋ ಜಾಗದ ಎದ್ರು ಗೋಡೆಗೆ ಚೀಟಿ ಅಂಟ್ಸಿ, ಅವ್ರ ಒಪ್ಗೆಗೆ ಕಾದಿರೋದನ್ನ ಕೆಂಪು ಚೀಟಿಲಿ.