ದತ್ತು ಮಗುವಿಗೆ ಕಾಯುತ್ತಿರುವವರು: ಮಕ್ಕಳ ಡಾಕ್ಟರ್ ಜೊತೆ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಡಾಕ್ಟರ್ ಸಂಜೆ 4ರಿಂದ ಇರುತ್ತಾರೆ. ಶಿವಮೊಗ್ಗದಲ್ಲಿ ಮಕ್ಕಳ ತಜ್ಞೆ, ದತ್ತು ಬಂದ ಮಕ್ಕಳನ್ನು ಬಹಳ ವರ್ಷದಿಂದ ನೋಡುತ್ತಿದ್ದಾರೆ. ಪ್ರಶ್ನೆ ಒಂದೇ ಮೆಸೇಜಲ್ಲಿ ಬರೆಯಿರಿ. ಮಗುವಿನ ಫೋಟೋ, ಹೆಸರು ಯಾರೂ ಹಾಕಬೇಡಿ. ಅದು ಕಾನೂನು ಪ್ರಕಾರ ತಪ್ಪು.

ಭದ್ರಾವತಿ ಅಪ್ಪ: ನಮಸ್ತೆ ಮೇಡಂ. 2022ರಲ್ಲಿ ಹೆಸರು ಬರೆಸಿದ್ದೇವೆ. ಎರಡು ವರ್ಷದೊಳಗಿನ ಮಗು ಕೇಳಿದ್ದೇವೆ. ಇನ್ನೂ ಎಷ್ಟು ದಿನ ಆಗಬಹುದು?

ಡಾಕ್ಟರ್: ನಮಸ್ತೆ. ಕಾರಾ (ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರ) ಪೋರ್ಟಲ್‌ನಲ್ಲಿ ನಿಮ್ಮ ಲಾಗಿನ್‌ನಲ್ಲೇ ಸರದಿ ಸಂಖ್ಯೆ ಕಾಣುತ್ತೆ. ಆರೋಗ್ಯವಾಗಿರುವ ಚಿಕ್ಕ ಮಗು ಕೇಳಿದವರು ಮೂರು ವರ್ಷಕ್ಕಿಂತ ಜಾಸ್ತಿ ಕಾಯುತ್ತಿದ್ದಾರೆ. ಮನೆಗೆ ಬಂದು ನೋಡಿ ಬರೆಯುವ ಹೋಮ್ ಸ್ಟಡಿ ರಿಪೋರ್ಟ್ 3 ವರ್ಷ ಮಾತ್ರ ನಡೆಯುತ್ತೆ. ನಿಮ್ಮದರ ತಾರೀಖು ಇವತ್ತೇ ನೋಡಿಕೊಳ್ಳಿ.

ಹೊಸನಗರ: ಮೇಡಂ, ನಾನು ಹೆತ್ತಿಲ್ಲ. ದತ್ತು ಮಗುವಿಗೆ ನನ್ನ ಎದೆಹಾಲು ಬರೋ ಹಾಗೆ ಮಾಡಬಹುದಾ?

ಡಾಕ್ಟರ್: ಕೆಲವರಿಗೆ ಸಾಧ್ಯ. ಆದರೆ ತಿಂಗಳುಗಟ್ಟಲೆ ಮೊದಲೇ ಪಂಪ್ ಮಾಡಿ ತಯಾರಿ ಬೇಕು, ಬಂದರೂ ಬಹಳ ಜನರಿಗೆ ಮಗುವಿಗೆ ಪೂರ್ತಿ ಸಾಲುವುದಿಲ್ಲ. ನಿಮಗೆ ಮಗು ಯಾವ ತಿಂಗಳು ಬರುತ್ತೆ ಅಂತಲೇ ಗೊತ್ತಿಲ್ಲ ಅಲ್ವಾ? ಮಾತ್ರೆ ಹೆಸರು ಗ್ರೂಪಿನಲ್ಲಿ ಬರೆಯುವುದಿಲ್ಲ. ಡಾಕ್ಟರನ್ನು ಎದುರಿಗೇ ಕಂಡು ಕೇಳಿ.

ತೀರ್ಥಹಳ್ಳಿ ಸೊಸೆ (ನ್ಯೂಜೆರ್ಸಿ): ಮೇಡಂ, ಸ್ವಲ್ಪ ಉದ್ದ ಇದೆ, ಕ್ಷಮಿಸಿ. ನಾವು ಹೊರದೇಶದಲ್ಲಿ ಇರುವವರು, ಆದ್ದರಿಂದ ದೇಶ ದೇಶಗಳ ನಡುವಿನ ದತ್ತಿನ ಹೇಗ್ ಒಪ್ಪಂದದ ಪ್ರಕಾರ ಎರಡೂ ದೇಶದ ಒಪ್ಪಿಗೆ ಬೇಕು. ನಾಲ್ಕು ವರ್ಷದಿಂದ ಓಡಾಡುತ್ತಿದ್ದೇವೆ. ದತ್ತು ತಗೊಳ್ಳಲು ಇಲ್ಲಿನ ಸರ್ಕಾರ ಕೊಡುವ ಐ-800ಎ ಒಪ್ಪಿಗೆ ಅವಧಿ ಮುಗಿದು ಮತ್ತೆ ಬೆರಳಚ್ಚು ಕೊಟ್ಟಿದ್ದೂ ಆಯ್ತು. ಈಗ ಒಡಿಶಾದ ಒಂದು ದತ್ತು ಕೇಂದ್ರದಿಂದ ಮಗಳು ಸಿಕ್ಕಿದ್ದಾಳೆ. 3 ವರ್ಷ 8 ತಿಂಗಳು. ಕಾರಾ ಎನ್‌ಒಸಿ, ಜಿಲ್ಲಾಧಿಕಾರಿ ಆದೇಶ, ಪಾಸ್‌ಪೋರ್ಟ್, ವೀಸಾ ಎಲ್ಲ ಬಾಕಿ. ಡಿಸೆಂಬರ್ ಹೊತ್ತಿಗೆ ಕೈಗೆ ಬರಬಹುದು. ಮೆಡಿಕಲ್ ರಿಪೋರ್ಟ್‌ನಲ್ಲಿ ಎತ್ತರ 89 ಸೆಂ.ಮೀ., ತೂಕ 11.4 ಕೆಜಿ, ತಲೆ ಸುತ್ತಳತೆ 47.5. "ಎಡ ಕಿವಿ ಎರಡು ಸಲ ಸೋರಿತ್ತು, ಔಷಧಿ ಕೊಟ್ಟಿದೆ. ಮಾತು ಕಡಿಮೆ. ಹೊಂದಿಕೊಳ್ಳುವ ಸ್ವಭಾವ, ಅಳುವುದಿಲ್ಲ, ಯಾರ ಬಳಿಗಾದರೂ ಹೋಗುತ್ತಾಳೆ" ಅಂತ ಬರೆದಿದ್ದಾರೆ. ಅತ್ತೆ ತುಂಬಾ ಖುಷಿಯಲ್ಲಿದ್ದಾರೆ. ನ್ಯೂಜೆರ್ಸಿಗೆ ಹಾರುವ ಮೊದಲು ಮಗುವನ್ನು ಊರಿಗೆ ಕರೆತಂದು, ಎಳ್ಳಮಾವಾಸ್ಯೆ ಜಾತ್ರೆ ಹೊತ್ತಿಗೆ ನಾಮಕರಣ ಮಾಡಿ, ನಕ್ಷತ್ರದ ಹೆಸರು ಇಟ್ಟು, 400 ಜನಕ್ಕೆ ಊಟ ಹಾಕಬೇಕು ಅಂತ ಛತ್ರ ನೋಡಿದ್ದಾರೆ. ರೂಮಿಗೆ ಬಣ್ಣ ಹೊಡೆಸಿದ್ದೇವೆ, ಮಂಚ, ಬಟ್ಟೆ ಎಲ್ಲ ರೆಡಿ. ಇನ್ನೇನು ತಯಾರಿ ಬೇಕು?

ಸಾಗರ ಅಮ್ಮ: ಅಭಿನಂದನೆಗಳು! ಎಷ್ಟು ಒಳ್ಳೆ ಮಗು, ಯಾರ ಹತ್ತಿರ ಬೇಕಾದರೂ ಹೋಗುತ್ತೆ ಅಂದರೆ ನಿಮಗೆ ಕಷ್ಟವೇ ಆಗಲ್ಲ.

ಡಾಕ್ಟರ್: ಸಾಗರ ಅಮ್ಮ, ಹಾಗಲ್ಲ. ತೀರ್ಥಹಳ್ಳಿಯವರೇ, ನಿಮ್ಮ ಮೆಸೇಜ್ ಮೂರು ಸಲ ಓದಿದೆ. ತೂಕ, ಎತ್ತರ ನೋಡಿ ಹೆದರಬೇಡಿ. ಎರಡೂ ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟ್‌ನ ಕೆಳಗಿನ ಗೆರೆಗಿಂತ ಕೆಳಗಿವೆ. ಕೇಂದ್ರದಲ್ಲಿ ಬೆಳೆದ ಮಕ್ಕಳು ಸುಮಾರಾಗಿ ಹೀಗೇ ಬರುತ್ತಾರೆ, ಮನೆ ಸಿಕ್ಕ ಮೇಲೆ ಬಹಳ ಮಕ್ಕಳು ಬೇಗ ಮೇಲೆ ಬರುತ್ತಾರೆ. ತಲೆ ಸುತ್ತಳತೆ ಗೆರೆಯೊಳಗಿದೆ. ನಾನು ಮೊದಲು ನೋಡುವುದೇ ಅದನ್ನು.

ನನಗೆ ಚುಚ್ಚಿದ್ದು ಕಿವಿ ಮತ್ತು ಮಾತು, ಎರಡೂ ಅಕ್ಕಪಕ್ಕ ಇರುವುದು. ಕೇಂದ್ರದಲ್ಲಿ ಒಬ್ಬ ಆಯಾಗೆ ಏಳೆಂಟು ಮಕ್ಕಳಿದ್ದರೆ ಮಾತು ತಡ ಆಗುವುದು ಸಹಜ. ಆದರೆ ಎರಡು ಸಲ ಸೋರಿದ ಕಿವಿ ಅಂದರೆ ಕಿವಿ ತಮಟೆಯಲ್ಲಿ ತೂತು ಇರಬಹುದು, ಒಳಗೆ ನೀರು ನಿಂತಿರಬಹುದು, ಕಿವಿ ಸರಿಯಾಗಿ ಕೇಳದೇ ಇರಬಹುದು. ಹುಡುಗಿ "ಹೊಂದಿಕೊಳ್ಳುವ ಸ್ವಭಾವ" ಅಂತ ಬರೆಸಿಕೊಂಡಿದ್ದಾಳೆ, ನಿಜವಾಗಿ ಅರ್ಧ ಮಾತು ಅವಳಿಗೆ ಕೇಳಿಸಿಯೇ ಇಲ್ಲದಿದ್ದರೆ? ನಾಳೆಯೇ ನಿಮ್ಮ ಏಜೆನ್ಸಿ ಮೂಲಕ ಕೇಂದ್ರಕ್ಕೆ ಬರೆಯಿರಿ. ಕಿವಿ-ಮೂಗು-ಗಂಟಲು ಡಾಕ್ಟರ್ ಒಮ್ಮೆ ನೋಡಲಿ, ಟಿಂಪನೋಮೆಟ್ರಿ (ತಮಟೆ ಸರಿಯಾಗಿ ಅಲುಗುತ್ತಾ ಅಂತ) ಮತ್ತು ಬೇರಾ (ಶಬ್ದ ಮೆದುಳಿಗೆ ತಲುಪುತ್ತಾ ಅಂತ) ಟೆಸ್ಟ್ ಆಗಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳ ತೊಂದರೆ ಬೇಗ ಗುರುತಿಸುವ ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಗಳಿವೆ, ಅಲ್ಲಿ ವಿಚಾರಿಸಲು ಹೇಳಿ. ಮಗುವನ್ನು ಬೇಡ ಅನ್ನುವುದಕ್ಕಲ್ಲ ಇದು. ಬಂದ ದಿನದಿಂದ ಅವಳ ಯಾವ ಪಕ್ಕ ಕೂತು ಮಾತಾಡಬೇಕು ಅಂತ ನಿಮಗೆ ಗೊತ್ತಿರಬೇಕು ಅಷ್ಟೇ.

ಕೊಪ್ಪದ ಚಿಕ್ಕಮ್ಮ: ಫಾರ್ವರ್ಡ್ ಬಂದದ್ದು, ಉಪಯೋಗ ಆಗಬಹುದು: "ಕಿವಿ ಸೋರಿಕೆಗೆ ರಾಮಬಾಣ! ಕೊಬ್ಬರಿ ಎಣ್ಣೆಯಲ್ಲಿ 4 ಎಸಳು ಬೆಳ್ಳುಳ್ಳಿ ಕಾಯಿಸಿ, ಬೆಚ್ಚಗಿರುವಾಗ 3 ತೊಟ್ಟು ಬಿಡಿ. 7 ದಿನದಲ್ಲಿ ಗುಣ. ಎಲ್ಲರಿಗೂ ಕಳಿಸಿ 🙏"

ಡಾಕ್ಟರ್: ಇದನ್ನು ದಯವಿಟ್ಟು ಅಳಿಸಿ. ತಮಟೆಯಲ್ಲಿ ತೂತಿದ್ದರೆ ಆ ಎಣ್ಣೆ ನೇರ ನಡುಕಿವಿಗೆ ಇಳಿಯುತ್ತೆ. ಸುಟ್ಟ ಕಿವಿ, ಬೂಸ್ಟು ಹಿಡಿದ ಕಿವಿ ನಾನು ನೋಡಿದ್ದೇನೆ.

ತೀರ್ಥಹಳ್ಳಿಯವರೇ, ಮುಂದುವರಿಸುತ್ತೇನೆ. "ಅಳುವುದಿಲ್ಲ, ಯಾರ ಬಳಿಗಾದರೂ ಹೋಗುತ್ತಾಳೆ." ಮೂರು ದಾಟಿದ ಮಗು ಹೊಸಬರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಹೋಗಬೇಕು. ಅತ್ತರೆ ಯಾರೋ ಬರುತ್ತಾರೆ ಅನ್ನುವುದು ಮಗು ಕಲಿಯುವ ಪಾಠ. ಬರದೇ ಹೋದರೆ ಅಳುವುದನ್ನೇ ಬಿಡುತ್ತೆ.

ನನ್ನ ಕ್ಲಿನಿಕ್‌ಗೆ ನಾಲ್ಕು ವರ್ಷದ ಒಬ್ಬ ಹುಡುಗ ಬರುತ್ತಿದ್ದ, ದತ್ತು ಬಂದು ಎರಡು ವಾರ ಆಗಿತ್ತು. ಮೆಟ್ಟಿಲ ಮೇಲೆ ಬಿದ್ದು ಮಂಡಿ ಕಿತ್ತುಹೋಯಿತು. ಅಮ್ಮ ಎರಡೇ ಹೆಜ್ಜೆ ದೂರ. ಅವನು ಅವಳ ಕಡೆ ತಿರುಗಿ ನೋಡಲೇ ಇಲ್ಲ. ಅಂಗಿ ತುದಿಯಿಂದ ತಾನೇ ರಕ್ತ ಒರೆಸಿಕೊಂಡು, ನನ್ನ ಟೇಬಲ್ ಹತ್ತಿರ ಬಂದು ನಗುತ್ತಾ ನಿಂತ. ಐದು ತಿಂಗಳ ಮೇಲೆ ಬಂದಾಗ ಸೂಜಿ ನೋಡಿದ ತಕ್ಷಣ ಅಮ್ಮನ ಕುತ್ತಿಗೆಗೆ ಮುಖ ಒತ್ತಿ ಕಟ್ಟಡ ಹಾರಿಹೋಗುವ ಹಾಗೆ ಅತ್ತ. ಆಕೆ ಪಾಪ "ಸಾರಿ ಮೇಡಂ, ಇವನು ಹೀಗೆ ಮಾಡೋನಲ್ಲ" ಅಂದಳು. ನನಗೆ ಎಷ್ಟು ಸಂತೋಷ ಆಯಿತು ಅಂದರೆ ಆ ದಿನ ಮನೆಯಲ್ಲೂ ಅದನ್ನೇ ಹೇಳಿದೆ.

ಅದಕ್ಕೇ ಆ 400 ಜನ ಬೇಡ. ಮೊದಲ ಕೆಲವು ವಾರ, ಸಾಧ್ಯವಾದರೆ ಎರಡು ಮೂರು ತಿಂಗಳು, ಊಟ ಮಾಡಿಸುವುದು, ಸ್ನಾನ, ಮಲಗಿಸುವುದು, ಎತ್ತಿಕೊಳ್ಳುವುದು ನೀವಿಬ್ಬರೇ. ಅಜ್ಜಿ ಪಕ್ಕದಲ್ಲಿ ಕೂತು ಕಥೆ ಹೇಳಲಿ, ಅಡುಗೆ ಮಾಡಲಿ, ಬಾಯಿಗೆ ತುತ್ತು ಮಾತ್ರ ನಿಮ್ಮ ಕೈಯಿಂದ ಹೋಗಲಿ. ಯಾರ ಬಳಿಗಾದರೂ ಹೋಗುವ ಮಗುವನ್ನು ಛತ್ರದಲ್ಲಿ ಕೈಯಿಂದ ಕೈಗೆ ದಾಟಿಸಿದರೆ, ನೀವೂ ಆ 400ರಲ್ಲಿ ಇಬ್ಬರು ಆಗುತ್ತೀರಿ. ಹೆಸರೂ ಬದಲಾಯಿಸಬೇಡಿ. ಮನೆ, ಊರು, ಭಾಷೆ, ಆಯಾ, ಪಕ್ಕದ ಮಂಚದ ಗೆಳತಿ, ಎಲ್ಲ ಒಂದೇ ದಿನ ಹೋಗುತ್ತೆ ಆ ಮಗುವಿಗೆ. ಉಳಿಯುವುದು ಹೆಸರು ಒಂದೇ. ನಕ್ಷತ್ರದ ಹೆಸರನ್ನು ಎರಡನೇ ಹೆಸರಾಗಿ ಇಡಿ.

ಬಣ್ಣ, ಮಂಚ ಸಾಕು. ಕಾಯುವ ತಿಂಗಳುಗಳಲ್ಲಿ ಒಡಿಯಾ ಕಲಿಯಿರಿ. ಪಾಣಿ ಅಂದರೆ ನೀರು, ಭಾತ ಅಂದರೆ ಅನ್ನ, ಭೋಕ ಅಂದರೆ ಹಸಿವು, ನಿದ ಅಂದರೆ ನಿದ್ದೆ, ಡರ ಅಂದರೆ ಭಯ. ಇಷ್ಟು ಬಾಯಿಗೆ ಬಂದರೆ ಮೊದಲ ರಾತ್ರಿ ದಾಟುತ್ತೆ. ವಿಡಿಯೋ ಕಾಲ್‌ಗೆ ಅವಕಾಶ ಕೊಟ್ಟರೆ ಹತ್ತೇ ನಿಮಿಷ, ಪ್ರತಿ ಸಲ ಒಂದೇ ಹಾಡು, ಒಂದೇ ಬಣ್ಣದ ಬಟ್ಟೆ. ಅಲ್ಲಿ ಯಾವ ಸೋಪು, ಯಾವ ಎಣ್ಣೆ ಅಂತ ಕೇಳಿ ಅದನ್ನೇ ತರಿಸಿಡಿ. ಅವಳು ಮಲಗುವ ಹೊದಿಕೆ ಕೊಡುತ್ತಾರಾ ಕೇಳಿ, ಕೊಟ್ಟರೆ ತೊಳೆಯಬೇಡಿ. ಅಮೆರಿಕಕ್ಕೆ ಹೋದ ಎರಡು ವಾರದೊಳಗೆ ಅಲ್ಲಿನ ಮಕ್ಕಳ ಡಾಕ್ಟರ್ ಟೈಮ್ ಈಗಲೇ ತೆಗೆದಿಡಿ. ಹೆಪಟೈಟಿಸ್ ಬಿ, ಎಚ್‌ಐವಿ ಮತ್ತೊಮ್ಮೆ, ರಕ್ತದಲ್ಲಿ ಸೀಸ, ಮಲಪರೀಕ್ಷೆ, ಕಣ್ಣು, ಕಿವಿ, ಎಲ್ಲ ಅಲ್ಲಿ ನೋಡಿಸಿ. ವೀಸಾಕ್ಕೆ ಟಿಬಿ ರಕ್ತಪರೀಕ್ಷೆ ಇಲ್ಲೇ ಆಗುತ್ತೆ, ಆ ಕಾಗದ ಜೋಪಾನ.

ಕೊಪ್ಪದ ಚಿಕ್ಕಮ್ಮ: ಡಾಕ್ಟರ್, ನಾನು ಒಳ್ಳೆ ಮನಸ್ಸಿಂದ ಹಾಕಿದ್ದು. ನಮ್ಮಜ್ಜಿ ಒಂಬತ್ತು ಮಕ್ಕಳಿಗೆ ಇದೇ ಎಣ್ಣೆ ಬಿಟ್ಟಿದ್ದು. ಯಾರಿಗೂ ಏನೂ ಆಗಿಲ್ಲ.

ಸೊರಬ: ಹೌದು, ಎಲ್ಲದಕ್ಕೂ ಇಂಗ್ಲಿಷ್ ಮದ್ದೇ ಬೇಕಾ? ನಮ್ಮಲ್ಲಿ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುತ್ತಾರೆ, ಮಾತು ಬೇಗ ಬರುತ್ತೆ. ಆ ಒಡಿಶಾ ಮಗುವಿಗೂ ಮಾಡಿ ನೋಡಿ.

ಶಿಕಾರಿಪುರ ಮೇಷ್ಟ್ರು: ಅದು ಮಾಡಿ ನೋಡೋ ವಿಷಯ ಅಲ್ಲ. ಮಗುವಿಗೆ ಕಿವಿ ಕೇಳಿಸದಿದ್ದರೆ ಬಜೆಯಿಂದ ಮಾತು ಹೇಗೆ ಬರುತ್ತೆ?

ಸೊರಬ: ನೀವು ಡಾಕ್ಟರಾ?

ಶಿಕಾರಿಪುರ ಮೇಷ್ಟ್ರು: ಅಲ್ಲ. ನನ್ನ ತಂಗಿಗೆ ಒಂದು ಕಿವಿ ಹೋಗಿದ್ದು ಇಂಥ ಎಣ್ಣೆಯಿಂದ. ಆದ್ದರಿಂದ ಸುಮ್ನೆ ಇರಕ್ಕೆ ಆಗಲ್ಲ.

ಡಾಕ್ಟರ್: ಒಂದು ವರ್ಷದೊಳಗಿನ ಮಗುವಿಗೆ ಜೇನು ಒಂದು ಹನಿಯೂ ಬೇಡ. ಬಾಟುಲಿಸಂ ಅನ್ನುವ ರೋಗ ಬರಬಹುದು, ಮಗುವಿನ ಸ್ನಾಯುಗಳೆಲ್ಲ ಸೋತುಹೋಗುತ್ತವೆ, ಉಸಿರಾಟವೂ. ಬಜೆ ನೆಕ್ಕಿಸುವುದೂ ಬೇಡ, ಅದರಲ್ಲಿರುವ ಬೀಟಾ-ಅಸರೋನ್ ಅನ್ನುವ ರಾಸಾಯನಿಕ ಒಳ್ಳೆಯದಲ್ಲ. ಅಜ್ಜಿಯರ ಮೇಲೆ ನನಗೆ ಗೌರವ ಇದೆ, ಆದರೆ ಬದುಕದೇ ಹೋದ ಮಕ್ಕಳ ಬಗ್ಗೆ ಆ ಅಜ್ಜಿಯರೇ ನನ್ನೆದುರು ಕೂತು ಅತ್ತಿದ್ದಾರೆ. ಫಾರ್ವರ್ಡ್ ಇನ್ನೊಂದು ಬಂದರೆ ನಾನು ಇಲ್ಲಿ ಬರೆಯುವುದಿಲ್ಲ.

ರಿಪ್ಪನ್‌ಪೇಟೆ: ಮೇಡಂ, ಅರ್ಜೆಂಟ್. ನಿನ್ನೆ ಸಂಜೆ ನಮಗೆ 7 ತಿಂಗಳ ಗಂಡು ಮಗು ಪೋರ್ಟಲ್‌ನಲ್ಲಿ ತೋರಿಸಿದೆ, 48 ಗಂಟೆಯಲ್ಲಿ ಹೇಳಬೇಕು. ರಿಪೋರ್ಟ್‌ನಲ್ಲಿ ಎಚ್‌ಐವಿ ಎಲಿಸಾ ರಿಯಾಕ್ಟಿವ್ ಅಂತಿದೆ. ನಮ್ಮ ಕೈಕಾಲೇ ಆಡುತ್ತಿಲ್ಲ.

ಡಾಕ್ಟರ್: ಉಸಿರು ಎಳೆದುಕೊಳ್ಳಿ. ಎಲಿಸಾ ನೋಡುವುದು ಆಂಟಿಬಾಡಿ, ಅಂದರೆ ಸೋಂಕಿನ ವಿರುದ್ಧ ಮೈ ತಯಾರಿಸುವ ಪ್ರತಿಕಾಯ. ಹೆತ್ತ ತಾಯಿಯ ಆಂಟಿಬಾಡಿ ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಇರಬಹುದು. ತಾಯಿಗೆ ಸೋಂಕು ಇತ್ತು ಅಂತ ಮಾತ್ರ ಅದು ಹೇಳುತ್ತೆ, ಮಗುವಿಗೆ ಇದೆಯಾ ಅಂತ ಹೇಳುವುದಿಲ್ಲ. 7 ತಿಂಗಳಲ್ಲಿ ಬೇಕಾದದ್ದು ವೈರಸ್ಸನ್ನೇ ಹುಡುಕುವ ಡಿಎನ್‌ಎ ಪಿಸಿಆರ್. ಆ ರಿಪೋರ್ಟ್ ಇದೆಯಾ ಅಂತ ಈಗಲೇ ಕೇಂದ್ರಕ್ಕೆ ಫೋನ್ ಮಾಡಿ. ಮಗುವಿಗೆ ಹುಟ್ಟಿದಾಗ ಸೋಂಕು ತಡೆಯುವ ನೆವಿರಪಿನ್ ಸಿರಪ್ ಕೊಟ್ಟಿದ್ದರಾ, ಅದನ್ನೂ ಕೇಳಿ. ಮಗುವಿಗೇ ಸೋಂಕು ಇದ್ದರೂ ಇವತ್ತು ದಿನಾ ಮಾತ್ರೆ ತಗೊಂಡು ಓದಿ, ಕೆಲಸ ಮಾಡಿ ಬದುಕುವ ಮಕ್ಕಳಿದ್ದಾರೆ. ಬೇಕು, ಬೇಡ ನಿಮ್ಮ ತೀರ್ಮಾನ. ನನಗೆ ಫೋನ್ ಮಾಡಿ, ಅಡ್ಮಿನ್ ನಂಬರ್ ಕೊಡುತ್ತಾರೆ.

ಹೊಸನಗರ: ಮೇಡಂ, ಹಾಲು ಬರಲು ಸಬ್ಬಸಿಗೆ, ಮೆಂತ್ಯ ತಿಂದರೆ ಆಗುತ್ತಾ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಭದ್ರಾವತಿ ಅಪ್ಪ: ಸರದಿ ಸಂಖ್ಯೆ ನೋಡಿದೆ ಮೇಡಂ. ಅದರಿಂದ ತಿಂಗಳು ಹೇಗೆ ಲೆಕ್ಕ ಹಾಕೋದು?

ಡಾಕ್ಟರ್: ಆಗಲ್ಲ.

ಆನಂದಪುರ: ನನ್ನ ಹೆಂಡತಿ ಕಂಪನಿಯಲ್ಲಿ, ಮಗು 3 ತಿಂಗಳೊಳಗಿದ್ದರೆ ಮಾತ್ರ 12 ವಾರ ರಜೆ ಅಂತಾರೆ. ದತ್ತಿನಲ್ಲಿ ಅಷ್ಟು ಚಿಕ್ಕ ಮಗು ಸಿಗೋದೇ ಕಷ್ಟ ಅಲ್ವಾ? ಏನು ಮಾಡೋದು?

ಹೊಸ ಸದಸ್ಯ: ಇಷ್ಟೆಲ್ಲಾ ಯಾಕೆ ಕಾಯುತ್ತೀರಿ? ನನಗೆ ಗೊತ್ತಿರುವ ಕಡೆ ಹೆರಿಗೆ ಆದ ತಕ್ಷಣ ಮಗು ಕೊಡಿಸುತ್ತಾರೆ. ಸ್ಟಾಂಪ್ ಪೇಪರ್ ಮೇಲೆ ಬರೆದುಕೊಡುತ್ತಾರೆ. ಖರ್ಚು ಸ್ವಲ್ಪ ಆಗುತ್ತೆ.

ಡಾಕ್ಟರ್: ಅದು ಮಗು ಮಾರಾಟ. ಬಾಲ ನ್ಯಾಯ ಕಾಯ್ದೆಯ 81ನೇ ಸೆಕ್ಷನ್, 5 ವರ್ಷದವರೆಗೆ ಜೈಲು, 1 ಲಕ್ಷ ದಂಡ. ಕೊಟ್ಟವರಿಗೂ, ತಗೊಂಡವರಿಗೂ. ಅಡ್ಮಿನ್, ಇವರನ್ನು ತೆಗೆಯಿರಿ.

ಸೊರಬ: 1956ರ ಹಿಂದೂ ದತ್ತಕ ಕಾಯ್ದೆಯಲ್ಲಿ ನೇರ ತಗೋಬಹುದಲ್ಲ. ನಮ್ಮ ಸಂಬಂಧಿಕರೇ ಮಾಡಿದ್ದಾರೆ.

ಶಿಕಾರಿಪುರ ಮೇಷ್ಟ್ರು: ಹೆತ್ತವರು ಗೊತ್ತಿದ್ದು, ಅವರೇ ಕೈಯಾರೆ ಕೊಟ್ಟರೆ, ದುಡ್ಡು ಮುಟ್ಟದಿದ್ದರೆ. ಅದರಲ್ಲೂ ದುಡ್ಡು ಕೊಡೋದು ಅಪರಾಧ. ಆ ಮನುಷ್ಯ ಹೇಳಿದ್ದು ಅದಲ್ಲ, ಓದಿ ನೋಡಿ.

ಸೊರಬ: ನೀವು ಎಲ್ಲದಕ್ಕೂ ನನ್ನ ಮೇಲೇ ಬರ್ತೀರಾ.

ಸಾಗರ ಅಮ್ಮ: ದಯವಿಟ್ಟು ಇಬ್ಬರೂ ನಿಲ್ಲಿಸಿ. ಯಾವುದಾದರೂ ತಾಯಿಗೆ ಮಗು ಬೇಡವಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಲಿ, ಮಕ್ಕಳ ಕಲ್ಯಾಣ ಸಮಿತಿ ನೋಡಿಕೊಳ್ಳುತ್ತೆ. ಇಲ್ಲಿ ಜನ ಕಣ್ಣೀರು ಹಾಕಿಕೊಂಡು ಪ್ರಶ್ನೆ ಕೇಳುತ್ತಿದ್ದಾರೆ, ನೀವು ಜಗಳ ಆಡುತ್ತೀರಿ.

ಸೊರಬ: ನಿಮಗೆ ಯಾರೂ ಕೇಳಿಲ್ಲ.

ಅಡ್ಮಿನ್: ಸೊರಬದವರನ್ನು ಒಂದು ದಿನ ಮ್ಯೂಟ್ ಮಾಡಿದ್ದೇನೆ. ಹೊಸ ಸದಸ್ಯರನ್ನು ತೆಗೆದಿದ್ದೇನೆ.

ನಗರ ಹೋಬಳಿ: ನಮ್ಮ ಮಗ ಬಂದು ಆರು ವಾರ. ಕಡುಬು ಕೊಟ್ಟರೆ ಅರ್ಧ ತಿಂದು ಅರ್ಧ ದಿಂಬಿನ ಕವರ್ ಒಳಗೆ ಇಡುತ್ತಾನೆ. ನಿನ್ನೆ ಇರುವೆ ಹತ್ತಿತ್ತು. ನನ್ನ ಗಂಡ ಬೈದರು, ಅವನು ಮಾತೇ ಬಿಟ್ಟಿದ್ದಾನೆ.

ಡಾಕ್ಟರ್: ಬೈಯಬೇಡಿ. ನಾಳೆ ಊಟ ಇರುತ್ತೆ ಅಂತ ಅವನಿಗೆ ಇನ್ನೂ ನಂಬಿಕೆ ಬಂದಿಲ್ಲ. ಮುಚ್ಚಳದ ಡಬ್ಬಿ ಒಂದು ಅವನದೇ ಅಂತ ಕೊಡಿ. ಮಂಡಕ್ಕಿ, ಬಾಳೆಹಣ್ಣು ಹಾಕಿ ಅವನ ಕೈಗೆ ಸಿಗುವಲ್ಲಿ ಇಡಿ, ರಾತ್ರಿಯೂ. ಖಾಲಿಯಾದರೆ ಅವನ ಕಣ್ಣೆದುರಿಗೇ ತುಂಬಿಸಿ. ಇವತ್ತು ಅಪ್ಪನೇ ತುಂಬಿಸಲಿ.

ಹೊಸನಗರ: ಮೇಡಂ, ಶತಾವರಿ ಪುಡಿ?

ಡಾಕ್ಟರ್: ಮೂರನೇ ಸಲ. ನಾನು ವಾರ್ಡಿಗೆ ಹೋಗಬೇಕು, ಇಲ್ಲಿಗೆ ನಿಲ್ಲಿಸುತ್ತೇನೆ.

ಕಮ್ಮರಡಿ: ಅಯ್ಯೋ, ನಾನು ಈಗ ನೋಡಿದೆ. ನಮ್ಮಮ್ಮ "ಯಾರ ರಕ್ತವೋ ಏನೋ" ಅಂತ ಊಟ ಬಿಟ್ಟು ಕೂತಿದ್ದಾರೆ. ಮುಂದಿನ ವಾರ ಹೋಮ್ ಸ್ಟಡಿಗೆ ಬರುತ್ತಾರೆ. ಯಾರಾದರೂ ಹೇಳಿ.

ತೀರ್ಥಹಳ್ಳಿ ಸೊಸೆ (ನ್ಯೂಜೆರ್ಸಿ): ಡಾಕ್ಟರ್, ನೀವು ಹೋಗಿದ್ದೀರಿ ಅಂತ ಗೊತ್ತು. ಅತ್ತೆಗೆ ಫೋನಿನಲ್ಲಿ ಎಲ್ಲ ಓದಿ ಹೇಳಿದೆ. ಆ ಹುಡುಗ ರಕ್ತ ಒರೆಸಿಕೊಂಡದ್ದು ಬಂದಾಗ ಅವರು ಮಾತಾಡಲಿಲ್ಲ. ಛತ್ರ ಬಿಟ್ಟಿಲ್ಲ, ಮುಂದಿನ ವರ್ಷದ ಎಳ್ಳಮಾವಾಸ್ಯೆಗೆ ಹಾಕಿದ್ದಾರೆ. ಹೆಸರಿನ ವಿಷಯ ಇನ್ನೂ ಒಪ್ಪಿಲ್ಲ. ಕಿವಿ ಟೆಸ್ಟಿಗೆ ಏಜೆನ್ಸಿಗೆ ಬರೆದೆ. ಒಡಿಯಾದಲ್ಲಿ "ನೋಯುತ್ತಿದೆಯಾ" ಅನ್ನಲು ಏನು ಹೇಳಬೇಕು? ನಿಮ್ಮ ಪಟ್ಟಿಯಲ್ಲಿ ಅದು ಇಲ್ಲ.

ಡಾಕ್ಟರ್: ಬೆಳಗ್ಗೆ ನೋಡಿದೆ. ನಮ್ಮ ವಾರ್ಡಿನಲ್ಲಿ ಕಟಕ್ ಕಡೆಯ ನರ್ಸ್ ಒಬ್ಬರಿದ್ದಾರೆ, ಅವರ ದನಿಯಲ್ಲೇ ರೆಕಾರ್ಡ್ ಮಾಡಿಸಿ ಕಳಿಸುತ್ತೇನೆ. ಕಿವಿ ರಿಪೋರ್ಟ್ ಬಂದರೆ ಗ್ರೂಪಿಗೆ ಹಾಕಬೇಡಿ, ನನಗೆ ಕಳಿಸಿ.