ಬರ್ಮಿಂಗ್‌ಹ್ಯಾಮ್‌ನಲ್ಲಿ ಅಗ್ಗದ ಹಳೆ ಮನೆ: ಮನೆ ತಪಾಸಣೆಯ ಇನ್ಸ್‌ಪೆಕ್ಟರ್‌ಗೆ ಕೇಳಿ

ಯುಎಬಿ (ಬರ್ಮಿಂಗ್‌ಹ್ಯಾಮ್‌ನ ಅಲಬಾಮಾ ವಿಶ್ವವಿದ್ಯಾಲಯ) ಹೊಸಬ: ನಮಸ್ಕಾರ ಸರ್. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ಗೆ ಬರ್ತಿದ್ದೀವಿ. ಕಾಲೆಜ್‌ವಿಲ್‌ನಲ್ಲಿ 1940ರ ದಶಕದ ಮನೆಯೊಂದು ಅಗ್ಗಕ್ಕೆ ಸಿಗ್ತಿದೆ. ಎರಡು ವರ್ಷದ ಮಗು ಇದೆ. ಹಿತ್ತಲಲ್ಲಿ ಹರಿವೆ, ಮೆಂತ್ಯ ಬೆಳೆಯೋ ಆಸೆ.

ಇನ್ಸ್‌ಪೆಕ್ಟರ್: ಸಹಿ ಹಾಕ್ಬೇಡಿ, ಮೊದಲು ಮಣ್ಣು ನೋಡಿ. ಕಾಲೆಜ್‌ವಿಲ್, ಫೇರ್‌ಮಾಂಟ್, ಹ್ಯಾರಿಮನ್ ಪಾರ್ಕ್ ಭಾಗಗಳು ಇಪಿಎಯ (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) 35ನೇ ಅವೆನ್ಯೂ ಸೂಪರ್‌ಫಂಡ್ (ವಿಷಮಾಲಿನ್ಯ ತೆಗೆಯೋ ಯೋಜನೆ) ಪ್ರದೇಶದಲ್ಲಿವೆ. ಕೋಕ್ (ಕಲ್ಲಿದ್ದಲಿಂದ ಮಾಡೋ ಕುಲುಮೆ ಇಂಧನ) ಘಟಕ, ಪೈಪ್ ಕಾರ್ಖಾನೆಗಳ ನೆರೆಯ ಅಂಗಳಗಳಲ್ಲಿ ಸೀಸ, ಆರ್ಸೆನಿಕ್, ಬೆಂಜೋಪೈರೀನ್ (ಕ್ಯಾನ್ಸರ್ ತರೋ ರಾಸಾಯನಿಕ) ಸಿಕ್ಕಿವೆ. ಪಕ್ಕದ ಮನೆಯದು ಬೇಡ, ಈ ನಿವೇಶನದ್ದೇ ಪರೀಕ್ಷೆ, ಮಣ್ಣು ಬದಲಿಸಿದ ದಾಖಲೆ ಕೇಳಿ. ಹಳೆ ಮನೆ ಮಾರೋರು ದೋಷ ತಾವಾಗಿ ಹೇಳ್ಬೇಕು ಅನ್ನೋ ಸಾಮಾನ್ಯ ನಿಯಮ ಅಲಬಾಮಾದಲ್ಲಿಲ್ಲ. ನೀವೇ ಬರವಣಿಗೆಯಲ್ಲಿ ಕೇಳ್ಬೇಕು.

ಮುಂದಿನ, ಹಿಂದಿನ ಅಂಗಳದ ಮಣ್ಣು ಬೇರೆ ಬೇರೆ ಚೀಲಕ್ಕೆ ತುಂಬಿ. ಮಗು ಕೈಯಾಡಿಸೋದು ಮೇಲಿನ ಒಂದಿಂಚಲ್ಲಿ, ಅದನ್ನೇ ತೆಗೀರಿ. ಗೋಡೆ ಬುಡದ್ದು ಪ್ರತ್ಯೇಕ: ಅಲ್ಲಿ ಉದುರಿದ ಬಣ್ಣದ ಸೀಸ ಸೇರಿರುತ್ತೆ. ಲ್ಯಾಬಲ್ಲಿ 'ಸೀಸ, ಆರ್ಸೆನಿಕ್' ಅಂತ ಹೇಳಿಯೇ ಕೊಡಿ, ಗೊಬ್ಬರ ಎಷ್ಟು ಬೇಕು ಅಂತ ನೋಡೋ ಮಾಮೂಲಿ ಮಣ್ಣಿನ ಪರೀಕ್ಷೆ ಇದನ್ನ ತೋರಿಸಲ್ಲ. 1978ಕ್ಕಿಂತ ಹಳೆ ಮನೆಗೆ ಬಣ್ಣದ ಸೀಸ ಪರೀಕ್ಷಿಸಲು 10 ದಿನ ಅವಕಾಶ ಕಾನೂನಿನಲ್ಲೇ ಇದೆ. ಬಿಟ್ಟುಕೊಡಬೇಡಿ.

ಹೂವರ್ ಗೃಹಿಣಿ: ಸೂರ್ಯಕಾಂತಿ ಹಾಕಿದ್ರೆ ಸೀಸ ಎಳ್ಕೊಳ್ಳುತ್ತಂತೆ. ಕೊತ್ತಂಬರಿ ರಸ ಕುಡಿದ್ರೆ ಮೈಯಿಂದಲೂ ಹೋಗುತ್ತೆ, ಫಾರ್ವರ್ಡ್ ಬಂದಿತ್ತು.

ಇನ್ಸ್‌ಪೆಕ್ಟರ್: ಎರಡೂ ಬೇಡ. ಮಗುವಿನ ರಕ್ತ ಪರೀಕ್ಷೆ ಮಾಡ್ಸೋದು ಬಿಟ್ಟು ರಸ ಕುಡಿಸ್ತಾ ಕೂತ್ರೆ ಕಾಲ ಕಳೆದುಹೋಗುತ್ತೆ. ಸೊಪ್ಪು ಬೇಕಾದ್ರೆ ತಳಕ್ಕೆ ತೋಟದ ಬಟ್ಟೆ (ಲ್ಯಾಂಡ್‌ಸ್ಕೇಪ್ ಫ್ಯಾಬ್ರಿಕ್) ಹಾಸಿ, 12 ಇಂಚು ಹೊಸ ಮಣ್ಣು ತುಂಬಿದ ಎತ್ತರದ ಪೆಟ್ಟಿಗೆ.

ಶೆಲ್ಬಿ ಕೌಂಟಿ: ಹೋಮ್‌ಸ್ಟೆಡ್ (ಸ್ವಂತ ವಾಸದ ಮನೆಯ ಆಸ್ತಿ ತೆರಿಗೆ) ರಿಯಾಯಿತಿ ತಾನಾಗೇ ಬರುತ್ತಾ?

ಇನ್ಸ್‌ಪೆಕ್ಟರ್: ಇಲ್ಲ. ಡಿಸೆಂಬರ್ 31ರೊಳಗೆ ಅರ್ಜಿ ಹಾಕಿ.

ಹಂಟ್ಸ್‌ವಿಲ್ ಟೆಕ್ಕಿ: ಬರ್ಮಿಂಗ್‌ಹ್ಯಾಮೇ ಯಾಕೆ? ನಮ್ಮ ಭದ್ರಾವತಿ ಥರ, ಕುಲುಮೆ ಆರಿದ ಊರು.

ರೆಡ್ ಮೌಂಟನ್: ಇಲ್ಲಿನ ಸ್ಲಾಸ್ ಕಬ್ಬಿಣದ ಕುಲುಮೆ 1971ರಲ್ಲೇ ಮುಚ್ಚಿ ಈಗ ಮ್ಯೂಸಿಯಂ. ಊರು ನಡೀತಿರೋದು ಯುಎಬಿ ಆಸ್ಪತ್ರೆಯಿಂದ. ಭದ್ರಾವತೀಲಿ ಅಂಥದ್ದೆಲ್ಲಿದೆ ತೋರ್ಸಿ.

ಹಂಟ್ಸ್‌ವಿಲ್ ಟೆಕ್ಕಿ: ಸಂಬಳ ನೋಡಿ ಮಾತಾಡಿ.

ರೆಡ್ ಮೌಂಟನ್: ಬಾಡಿಗೆಯನ್ನೂ ನೋಡ್ರೀ.

ವಿದ್ಯಾರ್ಥಿನಿ: ಕಾರಿಲ್ಲದೆ ಯುಎಬಿಗೆ ಬಸ್ಸಲ್ಲಿ ಓಡಾಡಬಹುದಾ?

ಹೂವರ್ ಗೃಹಿಣಿ: ಪೂರ್ವದ ಬಾಗಿಲಿದ್ರೆ ಮಣ್ಣಿನ ದೋಷ ತಟ್ಟಲ್ಲ ಅಂತಾರೆ.

ಇನ್ಸ್‌ಪೆಕ್ಟರ್: ಯಾರಂತಾರೆ? ಅವರನ್ನೇ ಇನ್ಸ್‌ಪೆಕ್ಷನ್‌ಗೆ ಕರೀರಿ.

ಟ್ರಸ್‌ವಿಲ್: ಮನೆ ಕೆಳಗೆ ಕ್ರಾಲ್ ಸ್ಪೇಸಲ್ಲಿ (ತೆವಳಿ ಹೋಗೋಷ್ಟು ಜಾಗ) ಮುಗ್ಗಲು ವಾಸನೆ?

ಇನ್ಸ್‌ಪೆಕ್ಟರ್: ಮೊದಲು ಮಳೆನೀರು ದೂರ ಹರಿಸಿ. ಆಮೇಲೆ 6 ಮಿಲ್ (ಸುಮಾರು 0.15 ಮಿ.ಮೀ.) ದಪ್ಪದ ಪ್ಲಾಸ್ಟಿಕ್ ಹಾಳೆಗಳನ್ನ, ಅಂಚು ಒಂದರ ಮೇಲೊಂದು 6 ಇಂಚು ಬರೋ ಹಾಗೆ ನೆಲಕ್ಕೆ ಹಾಸಿ. ತೊಲೆಯ ತೇವ 20% ದಾಟಿದ್ರೆ ಕೊಳೆಯೋ ಅಪಾಯ.

ಹೊಸ ಸದಸ್ಯ: ಸರ್, ಹೋಮ್‌ಸ್ಟೆಡ್ ತಾನಾಗೇ...

ಇನ್ಸ್‌ಪೆಕ್ಟರ್: ಮೇಲೆ ಓದಿ.