ವಸಡಿನ ಆರಂಭಿಕ ರೋಗ: ಇಬ್ಬರು ದಂತವೈದ್ಯರ ಅಭಿಪ್ರಾಯ ಬೇರೆಯಾದಾಗ

ಪ್ರಶ್ನೆ

ನನ್ನ ತಾಯಿಯವರಿಗೆ 58 ವರ್ಷ. ಸಕ್ಕರೆ ಕಾಯಿಲೆಯಿದೆ, ಈಚಿನ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 7.8 ಬಂದಿದೆ. ಹಲ್ಲುಜ್ಜುವಾಗ ರಕ್ತ ಬರುತ್ತಿದ್ದುದರಿಂದ ಇಬ್ಬರು ದಂತವೈದ್ಯರಿಗೆ ತೋರಿಸಿದೆವು. ಮೊದಲನೆಯವರು ಇಡೀ ದವಡೆಯ ಎಕ್ಸ್‌ರೇ (ಓಪಿಜಿ) ನೋಡಿ, ಮೂಳೆ ಚೆನ್ನಾಗಿದೆ, ಇದು ಬರೀ ವಸಡಿನ ಉರಿಯೂತ, ಒಮ್ಮೆ ಕ್ಲೀನಿಂಗ್ ಮಾಡಿಸಿದರೆ ಸಾಕು ಎಂದರು. ಎರಡನೆಯವರು ಸಣ್ಣ ಕಡ್ಡಿಯಂತಹ ಉಪಕರಣವನ್ನು ಪ್ರತಿ ಹಲ್ಲಿನ ಸುತ್ತಲೂ ವಸಡಿನೊಳಗೆ ಇಳಿಸಿ, "ಮೂರು, ಎರಡು, ನಾಲ್ಕು" ಎಂದು ಸಹಾಯಕಿಯಿಂದ ಬರೆಸುತ್ತಾ ಹೋಗಿ, ಪೆರಿಯೊಡಾಂಟೈಟಿಸ್ (ಹಲ್ಲನ್ನು ಹಿಡಿದಿರುವ ಮೂಳೆಗೂ ಹರಡುವ ವಸಡಿನ ರೋಗ) ಶುರುವಾಗಿದೆ, ಡೀಪ್ ಕ್ಲೀನಿಂಗ್ (ವಸಡಿನೊಳಗೆ ಬೇರಿನವರೆಗೆ ಸ್ವಚ್ಛಗೊಳಿಸುವುದು) ಬೇಕು ಎಂದರು. ಯಾರ ಮಾತನ್ನು ನಂಬಬೇಕು?

ಉತ್ತರ 1 (ವಸಡಿನ ತಜ್ಞೆ)

ಆ ಕಡ್ಡಿಗೆ ಪ್ರೋಬ್ ಎನ್ನುತ್ತಾರೆ. ಒಂದೊಂದು ಹಲ್ಲಿನ ಸುತ್ತಲೂ ಆರು ಜಾಗಗಳಲ್ಲಿ, 20–25 ಗ್ರಾಂನಷ್ಟು ಹಗುರವಾದ ಒತ್ತಡದಲ್ಲಿ ಅಳೆಯಬೇಕು. 1ರಿಂದ 3 ಮಿ.ಮೀ. ಆಳವಿದ್ದರೆ ಸಾಮಾನ್ಯವೆಂದು ತಿಳಿಯುತ್ತೇವೆ. ಆದರೆ ಆಳವೊಂದರಿಂದಲೇ ರೋಗ ನಿರ್ಧಾರವಾಗುವುದಿಲ್ಲ. ವಸಡು ಊದಿಕೊಂಡಿದ್ದರೆ, ಬೇರಿಗೆ ವಸಡು ಅಂಟಿಕೊಂಡಿರುವ ಹಿಡಿತ ಸ್ವಲ್ಪವೂ ಕಳಚದೆ 4 ಮಿ.ಮೀ. ಬರಬಹುದು, ವಸಡು ಕೆಳಗೆ ಸರಿದಿದ್ದರೆ ಹಿಡಿತ ಸಾಕಷ್ಟು ಕಳಚಿದ್ದರೂ 2 ಮಿ.ಮೀ. ಮಾತ್ರ ತೋರಬಹುದು. ಆದ್ದರಿಂದ ಎನಾಮಲ್ ಮುಗಿದು ಬೇರು ಶುರುವಾಗುವ ಗೆರೆಯಿಂದ ಹಿಡಿತ ಎಷ್ಟು ಕೆಳಗಿಳಿದಿದೆ ಎಂಬುದೇ ಮುಖ್ಯ. 2017ರ ಚಿಕಾಗೊ ಕಾರ್ಯಾಗಾರದಿಂದ ಹೊರಬಂದ ವರ್ಗೀಕರಣದಂತೆ, ಅಕ್ಕಪಕ್ಕದಲ್ಲಿಲ್ಲದ ಕನಿಷ್ಠ ಎರಡು ಹಲ್ಲುಗಳ ಸಂದಿಗಳಲ್ಲಿ ಇಂಥ ನಷ್ಟ ಕಂಡರೆ ಮತ್ತು ಅದಕ್ಕೆ ಬೇರೆ ಕಾರಣವಿಲ್ಲದಿದ್ದರೆ ಅದು ಪೆರಿಯೊಡಾಂಟೈಟಿಸ್. ಮೊದಲ ಹಂತದಲ್ಲಿ ಆ ನಷ್ಟ ಕೇವಲ 1–2 ಮಿ.ಮೀ. ಪ್ರೋಬ್ ಹಿಡಿದ ಕೈ ಬದಲಾದರೆ, ಕೋನ ತುಸು ವಾಲಿದರೆ, ಗಟ್ಟಿಯಾದ ಪಾಚಿ ಅಡ್ಡ ಬಂದರೆ ಅಳತೆಯೇ 1 ಮಿ.ಮೀ. ಹೆಚ್ಚುಕಡಿಮೆ ಆಗುತ್ತದೆ. ಅನುಭವಿಗಳೂ ಈ ಹಂತದಲ್ಲಿ ಭಿನ್ನವಾಗಿ ಹೇಳುವುದು ಹೀಗಾಗಿಯೇ.

ಓಪಿಜಿ ಇಡೀ ದವಡೆಯನ್ನು ತೋರಿಸುತ್ತದೆ, ನಿಜ. ಮೂಳೆಯ ಅಂಚಿನ ಆರಂಭಿಕ ನಷ್ಟವನ್ನು ಅದರಲ್ಲಿ ಹುಡುಕುವುದು ಸರಿಯಲ್ಲ. ಖನಿಜಾಂಶ ಗಣನೀಯವಾಗಿ ಕರಗುವವರೆಗೆ ಯಾವ ಎಕ್ಸ್‌ರೇಯಲ್ಲೂ ಬದಲಾವಣೆ ಕಾಣುವುದಿಲ್ಲ. ಪ್ರೋಬ್ ಬಳಸದೆ ವಸಡು ಚೆನ್ನಾಗಿದೆ ಎಂದವರ ಮಾತನ್ನು ನಾನು ಒಪ್ಪಲಾರೆ.

ಉತ್ತರ 2 (ಸಾಮಾನ್ಯ ದಂತವೈದ್ಯ)

ಪ್ರೋಬ್ ಬೇಕೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಊದಿದ ವಸಡಿನ ಮೇಲೆ ಮೊದಲ ದಿನ ಸಿಕ್ಕ ಅಂಕಿಯ ಆಧಾರದಲ್ಲಿ ರೋಗಿಗೆ ಪೆರಿಯೊಡಾಂಟೈಟಿಸ್ ಎಂದು ಹೇಳಿಬಿಡುವುದು ಆತುರವಾಗುತ್ತದೆ. ರಕ್ತವೂ ಪೂರ್ಣ ಸಾಕ್ಷಿಯಲ್ಲ: ಆಸ್ಪಿರಿನ್‌ನಂತಹ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ಹೆಚ್ಚು ಬರಬಹುದು, ಬೀಡಿ-ಸಿಗರೇಟು ಸೇದುವವರಲ್ಲಿ ರೋಗವಿದ್ದರೂ ಕಡಿಮೆ ಬರುತ್ತದೆ. ಮೊದಲು ಚೆನ್ನಾಗಿ ಸ್ಕೇಲಿಂಗ್ (ಹಲ್ಲಿನ ಪಾಚಿ ತೆಗೆಯುವ ಸಾಮಾನ್ಯ ಕ್ಲೀನಿಂಗ್) ಮಾಡಿಸಿ, ಮನೆಯಲ್ಲಿ ಹಲ್ಲಿನ ಸಂದಿಗಳನ್ನೂ ಸ್ವಚ್ಛಗೊಳಿಸುವುದನ್ನು ರೂಢಿಸಿಕೊಂಡು, 6–8 ವಾರಗಳ ನಂತರ ಅದೇ ವೈದ್ಯರಿಂದ ಮತ್ತೆ ಅಳೆಸಿ. ಊತ ಇಳಿದ ಮೇಲೂ ಉಳಿಯುವ ಆಳಕ್ಕೆ ಡೀಪ್ ಕ್ಲೀನಿಂಗ್ ಮಾಡಿಸಬಹುದು.

ಪ್ರಶ್ನೆ ಕೇಳಿದವರು

ಚಾರ್ಟ್‌ನ ಪ್ರತಿ ಕೇಳಿ ಪಡೆದೆವು. ಕೆಳಗಿನ ಎರಡೂ ಬದಿಯ ದವಡೆ ಹಲ್ಲುಗಳ ಸಂದಿಯಲ್ಲಿ 4 ಇದೆ, ಉಳಿದೆಡೆ 2 ಮತ್ತು 3. ವಸಡು ಎಷ್ಟು ಸರಿದಿದೆ ಎಂಬ ಸಾಲು ಖಾಲಿಯಿದೆ. ತಾಯಿ ದಿನವೂ ಆಸ್ಪಿರಿನ್ ತೆಗೆದುಕೊಳ್ಳುತ್ತಾರೆ.

ಉತ್ತರ 1 (ವಸಡಿನ ತಜ್ಞೆ)

ಆ ಖಾಲಿ ಸಾಲನ್ನು ಭರ್ತಿ ಮಾಡಿಕೊಡುವಂತೆ ಕೇಳಿ. ಅದಿಲ್ಲದೆ ಎರಡನೆಯವರ ತೀರ್ಮಾನವೂ ಅರ್ಧಕ್ಕೇ ನಿಂತಿದೆ. ದವಡೆ ಹಲ್ಲುಗಳಿಗೆ ಬೈಟ್‌ವಿಂಗ್ ಎಕ್ಸ್‌ರೇ (ಹಲ್ಲು ಕಚ್ಚಿಸಿ ತೆಗೆಯುವ ಸಣ್ಣ ಎಕ್ಸ್‌ರೇ) ತೆಗೆಸಿ. ಮೂಳೆಯ ಅಂಚು ಎನಾಮಲ್ ಮುಗಿಯುವ ಗೆರೆಯಿಂದ 2 ಮಿ.ಮೀ. ಒಳಗೇ ಇದ್ದು, ಹಿಡಿತವೂ ಕಳಚಿಲ್ಲವೆಂದು ತಿಳಿದರೆ, ಮೇಲಿನ ವೈದ್ಯರು ಹೇಳಿದಂತೆ ಸ್ಕೇಲಿಂಗ್ ಮಾಡಿಸಿ ಕಾಯಬಹುದು. ಆದರೆ ಎಚ್‌ಬಿಎ1ಸಿ 7ಕ್ಕಿಂತ ಮೇಲಿರುವವರಲ್ಲಿ ಈ ರೋಗ ಬೇಗ ಮುಂದುವರಿಯುವ ಅಪಾಯವಿರುವುದರಿಂದ ಮರುಪರೀಕ್ಷೆಯನ್ನು ಆರು ವಾರಕ್ಕೇ ಇಟ್ಟುಕೊಳ್ಳಿ, ಮುಂದೂಡಬೇಡಿ. ಆಸ್ಪಿರಿನ್ ಅನ್ನು ಅವರ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.